ಬರ್ತಾನಂತೆ, ಹೋಗ್ತಾನಂತೆ: ಫುಟ್ಬಾಲ್ ಫ್ರೀ ಏಜೆಂಟ್ ಸುದ್ದಿಗಳನ್ನು ಓದುವುದು ಹೇಗೆ?

2023ರ ಮೇ 9, ಮಂಗಳವಾರ. ಮಾರನೇ ದಿನ ನಮ್ಮಲ್ಲಿ ವಿಧಾನಸಭೆ ಚುನಾವಣೆಯ ಮತದಾನ. ಫೋನ್ ತುಂಬಾ ಯಾರಿಗೆ ಎಷ್ಟು ಸೀಟು ಅನ್ನೋ ಲೆಕ್ಕಾಚಾರ. ಅದರ ಮಧ್ಯೆ ನಮ್ಮ ಭಾನುವಾರದ ಫುಟ್ಬಾಲ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು: "ಮೆಸ್ಸಿ ಸೌದಿಗೆ. ಡೀಲ್ ಮುಗೀತು."

ಕಳಿಸಿದವನು ನಮ್ಮ ಗೋಲ್‌ಕೀಪರ್. ಸುಳ್ಳು ಹೇಳುವ ಆಸಾಮಿ ಅಲ್ಲ. ಸುದ್ದಿಯೂ ಯಾವುದೋ ಪುಟಗೋಸಿ ಸೈಟಿನದಲ್ಲ. ಎಎಫ್‌ಪಿಯಂಥ ದೊಡ್ಡ ಸುದ್ದಿಸಂಸ್ಥೆಯೇ, ಹೆಸರು ಹೇಳದ ಒಬ್ಬರ ಮಾತಿನ ಮೇಲೆ, ಮುಂದಿನ ಸೀಸನ್ ಮೆಸ್ಸಿ ಸೌದಿ ಅರೇಬಿಯಾದಲ್ಲಿ ಆಡುವುದು ಆಗಿಹೋದ ವಿಷಯ ಎಂದು ಬರೆದಿತ್ತು. ನಂಬಲು ಕಾರಣಗಳೂ ಇದ್ದವು. ಮೆಸ್ಸಿ ಸೌದಿ ಪ್ರವಾಸೋದ್ಯಮದ ರಾಯಭಾರಿ. ಕೇಳದೆ ಅಲ್ಲಿಗೆ ಹೋಗಿಬಂದ ಎಂದು ಅವನ ಪ್ಯಾರಿಸ್ ಕ್ಲಬ್ ಪಿಎಸ್‌ಜಿ ಅವನನ್ನು ಆಗಷ್ಟೇ ಅಮಾನತು ಮಾಡಿತ್ತು. ಪಿಎಸ್‌ಜಿ ಜೊತೆಗಿನ ಒಪ್ಪಂದ ಜೂನ್‌ಗೆ ಮುಗಿಯುತ್ತಿತ್ತು. ನಮ್ಮ ಗೋಲ್‌ಕೀಪರ್ ಆ ಸಂಜೆಯೇ ಸೌದಿಯ ಅಲ್ ಹಿಲಾಲ್ ಕ್ಲಬ್ಬಿನ ನೀಲಿ ಜೆರ್ಸಿಗೆ ಮೆಸ್ಸಿ ಹೆಸರು, 10ನೇ ನಂಬರ್ ಪ್ರಿಂಟ್ ಹಾಕಿಸಲು ಆರ್ಡರ್ ಕೊಟ್ಟ. ಸುದ್ದಿಯಲ್ಲಿ ಕ್ಲಬ್ಬಿನ ಹೆಸರೇ ಇರಲಿಲ್ಲ, ಅದು ಬೇರೆ ಮಾತು.

ಅದೇ ದಿನ ಅಪ್ಪ ಹೋರ್ಹೆ ಮೆಸ್ಸಿ ಹೇಳಿಕೆ ಕೊಟ್ಟರು. ಯಾವ ಕ್ಲಬ್ ಜೊತೆಗೂ ಏನೂ ಆಗಿಲ್ಲ, ಸೀಸನ್ ಮುಗಿಯುವ ತನಕ ತೀರ್ಮಾನವೂ ಇಲ್ಲ ಅಂತ. ಜೂನ್ 7ಕ್ಕೆ ಮೆಸ್ಸಿ ತಾನೇ ಹೇಳಿದ, ಹೋಗುತ್ತಿರುವುದು ಅಮೆರಿಕದ ಇಂಟರ್ ಮಯಾಮಿಗೆ. ಕೂಸು ಹುಟ್ಟೋ ಮುಂಚೆ ಹೊಲಿಸಿದ ಆ ಕುಲಾವಿಯನ್ನು ನಮ್ಮ ಗೆಳೆಯ ಈಗಲೂ ಭಾನುವಾರ ಬೆಳಗ್ಗೆ ಹಾಕಿಕೊಂಡು ಬರುತ್ತಾನೆ. ಗೋಲ್‌ಕೀಪರ್ ಮೈಮೇಲೆ ಮೆಸ್ಸಿ ಹೆಸರು!

ಅವನನ್ನು ಆಡಿಕೊಂಡು ನಗುವುದು ಸುಲಭ. ಆದರೆ ನಾನೂ ಆ ಸುದ್ದಿಯನ್ನು ನಂಬಿದ್ದೆ, ಇನ್ನೆರಡು ಗುಂಪಿಗೆ ಕಳಿಸಿಯೂ ಇದ್ದೆ. ಆಮೇಲೆ ಕೂತು ಯೋಚಿಸಿ, ಇಂಥ ಸುದ್ದಿ ಬಂದಾಗ ಏನೇನು ನೋಡಬೇಕು ಅಂತ ಒಂದು ಅಭ್ಯಾಸ ಮಾಡಿಕೊಂಡೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ. ತಲೆಬರಹವನ್ನು ನಿಮ್ಮ ಮನೆಯ ಕನ್ನಡಕ್ಕೆ ತಂದುಕೊಳ್ಳಿ. ನಮ್ಮ ಭಾಷೆಯಲ್ಲಿ ಒಂದು ಒಳ್ಳೆ ಅನುಕೂಲ ಇದೆ. ಕಣ್ಣಾರೆ ನೋಡಿದ್ದಕ್ಕೆ "ಬಂದ" ಅನ್ನುತ್ತೇವೆ, ಯಾರೋ ಹೇಳಿದ್ದಕ್ಕೆ "ಬಂದನಂತೆ" ಅನ್ನುತ್ತೇವೆ. ಪಕ್ಕದ ಮನೆಯವರ ಮಗಳ ಮದುವೆ ವಿಷಯವನ್ನು ನಮ್ಮಮ್ಮ ಯಾವತ್ತೂ "ಅಂತೆ" ಇಲ್ಲದೆ ಹೇಳಿದ್ದಿಲ್ಲ. "ಅಂತೆ" ಬಂದ ಕೂಡಲೇ ಕೇಳುವವರು "ಯಾರು ಹೇಳಿದ್ದು?" ಅಂತಲೇ ಕೇಳುತ್ತಾರೆ. ಆದರೆ ಕ್ರೀಡಾ ಸುದ್ದಿ ಇಂಗ್ಲಿಷ್‌ನಿಂದ ಕನ್ನಡಕ್ಕೆ ಬರುವಾಗ ಮೊದಲು ಬಿದ್ದುಹೋಗುವುದೇ ಈ "ಅಂತೆ". ಅದರ ಜಾಗಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಅಥವಾ ಆಶ್ಚರ್ಯಸೂಚಕ ಬಂದು ಕೂರುತ್ತದೆ. ನೀವು ಅದನ್ನು ವಾಪಸ್ ಹಾಕಿಕೊಳ್ಳಿ. "ಮೆಸ್ಸಿ ಸೌದಿಗೆ ಹೋಗ್ತಾನಂತೆ." ಆಗ ಮುಂದಿನ ಪ್ರಶ್ನೆ ತಾನಾಗೇ ಬಾಯಿಗೆ ಬರುತ್ತದೆ.

ಮೊದಲು: ಒಪ್ಪಂದ ಮುಗಿಯುವ ತಾರೀಖು ನೋಡಿ

ಫ್ರೀ ಏಜೆಂಟ್ ಅಂದರೆ ಒಪ್ಪಂದ ಮುಗಿದು ಕೈ ಬಿಡಿಸಿಕೊಂಡ ಆಟಗಾರ. ಅವನನ್ನು ತೆಗೆದುಕೊಳ್ಳುವ ಕ್ಲಬ್ ಹಳೆಯ ಕ್ಲಬ್ಬಿಗೆ ಏನೂ ಕೊಡಬೇಕಾಗಿಲ್ಲ. ಇದು ಮೊದಲಿನಿಂದ ಹೀಗಿರಲಿಲ್ಲ. ಬೆಲ್ಜಿಯಂನ ಲಿಯೇಜ್ ಕ್ಲಬ್ಬಿನಲ್ಲಿ ಜಾನ್-ಮಾರ್ಕ್ ಬೋಸ್ಮನ್ ಎಂಬ ಆಟಗಾರ ಇದ್ದ. ದೊಡ್ಡ ಹೆಸರೇನಲ್ಲ. 1990ರಲ್ಲಿ ಒಪ್ಪಂದ ಮುಗಿದ ಮೇಲೆ ಫ್ರಾನ್ಸಿನ ಡಂಕರ್ಕ್ ಕ್ಲಬ್ಬಿಗೆ ಹೋಗುತ್ತೇನೆ ಅಂದ. ಒಪ್ಪಂದ ಮುಗಿದಿದ್ದರೂ ಹಳೆಯ ಕ್ಲಬ್ ದುಡ್ಡಿನ ವಿಷಯಕ್ಕೆ ಪಟ್ಟು ಹಿಡಿದು ಬಿಡಲಿಲ್ಲ. ಅವನು ಕೋರ್ಟಿಗೆ ಹೋದ. ಐದು ವರ್ಷ ಎಳೆದಾಡಿ 1995ರ ಡಿಸೆಂಬರ್ 15ಕ್ಕೆ ಯುರೋಪಿನ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಇವತ್ತು ಫ್ರಾನ್ಸಿನ ಎಂಬಾಪೆಯಂಥ ದೊಡ್ಡ ಆಟಗಾರರು "ಫ್ರೀ" ಆಗಿ ಹೋಗುವುದು ಅವನ ಪುಣ್ಯದಿಂದ. ಗೆಲ್ಲುವ ಹೊತ್ತಿಗೆ ಬೋಸ್ಮನ್‌ನ ಆಟದ ವಯಸ್ಸು ಹೆಚ್ಚುಕಡಿಮೆ ಮುಗಿದೇ ಹೋಗಿತ್ತು, ಪಾಪ.

ಇನ್ನೊಂದು ನಿಯಮ ಇದೆ, ಅದನ್ನು ತಿಳಿದುಕೊಂಡರೆ ಅರ್ಧ ಗಾಳಿಸುದ್ದಿ ಅಲ್ಲೇ ಸೋಸಿಹೋಗುತ್ತದೆ. ಫಿಫಾ ನಿಯಮದ ಪ್ರಕಾರ ಒಪ್ಪಂದ ಮುಗಿಯಲು ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಉಳಿದಾಗ ಮಾತ್ರ ಆಟಗಾರ ಬೇರೆ ಕ್ಲಬ್ ಜೊತೆ ಸಹಿ ಹಾಕಬಹುದು. ಯುರೋಪಿನಲ್ಲಿ ಹೆಚ್ಚಿನ ಒಪ್ಪಂದಗಳು ಜೂನ್ 30ಕ್ಕೆ ಮುಗಿಯುತ್ತವೆ. ಅಂದರೆ ಜನವರಿ 1ಕ್ಕೆ ಬಾಗಿಲು ತೆಗೆಯುತ್ತದೆ. ಇಂಗ್ಲೆಂಡಿನ ಒಂದು ಕ್ಲಬ್ಬಿನಿಂದ ಇಂಗ್ಲೆಂಡಿನದೇ ಇನ್ನೊಂದಕ್ಕೆ ಹೋಗುವುದಾದರೆ ಅಲ್ಲಿನ ಲೆಕ್ಕ ಬೇರೆ, ಇನ್ನೂ ಕಾಯಬೇಕು. ಹಾಗಾಗಿ ಅಕ್ಟೋಬರ್‌ನಲ್ಲೇ "ಸಹಿ ಹಾಕಿದ" ಅಂತ ಯಾರಾದರೂ ಬರೆದರೆ, ಒಂದೋ ಅವರಿಗೆ ನಿಯಮ ಗೊತ್ತಿಲ್ಲ, ಇಲ್ಲಾ ಬಾಯಿಮಾತಿನ ಒಪ್ಪಿಗೆಯನ್ನು ಸಹಿ ಅನ್ನುತ್ತಿದ್ದಾರೆ.

ಇದಕ್ಕೆ ತಿರುಗುಮುರುಗಾದ ತಪ್ಪೂ ಆಗುತ್ತದೆ. "ವಿಂಡೋ ಮುಚ್ಚಿತು, ಇನ್ನೇನೂ ಆಗಲ್ಲ" ಅನ್ನುತ್ತಾರೆ. ವಿಂಡೋ ಅಂದರೆ ಕ್ಲಬ್‌ಗಳು ಹೊಸ ಆಟಗಾರರನ್ನು ನೋಂದಾಯಿಸಲು ಇರುವ ಅವಧಿ. ವಿಂಡೋ ಮುಚ್ಚುವ ಮುಂಚೆಯೇ ಒಪ್ಪಂದ ಮುಗಿಸಿಕೊಂಡು ಖಾಲಿ ಕೂತ ಆಟಗಾರನನ್ನು ಆಮೇಲೂ ತೆಗೆದುಕೊಳ್ಳಲು ಅವಕಾಶ ಇದೆ.

ತಾರೀಖು ನೋಡುವಾಗ ಒಂದು ಕೊಕ್ಕೆಯನ್ನೂ ನೋಡಿ. ಎಷ್ಟೋ ಒಪ್ಪಂದಗಳಲ್ಲಿ "ಕ್ಲಬ್ ಬಯಸಿದರೆ ಇನ್ನೊಂದು ವರ್ಷ" ಅನ್ನುವ ಸಾಲು ಇರುತ್ತದೆ. 2024ರ ಚಳಿಗಾಲ ಪೂರ್ತಿ ಇಂಗ್ಲೆಂಡಿನ ಟಾಟೆನ್‌ಹ್ಯಾಮ್ ಕ್ಲಬ್ಬಿನ ಸನ್ ಹ್ಯುಂಗ್-ಮಿನ್ ಫ್ರೀ ಆಗಿ ಅಲ್ಲಿಗೆ ಹೋಗ್ತಾನೆ ಇಲ್ಲಿಗೆ ಹೋಗ್ತಾನೆ ಅಂತ ಸುದ್ದಿ. 2025ರ ಜನವರಿ 7ಕ್ಕೆ ಕ್ಲಬ್ ಆ ಒಂದು ಸಾಲನ್ನು ಬಳಸಿಕೊಂಡು ಒಪ್ಪಂದವನ್ನು 2026ರವರೆಗೆ ಎಳೆಯಿತು. ಅಲ್ಲಿಗೆ ಅಷ್ಟೂ ಫ್ರೀ ಏಜೆಂಟ್ ಕಥೆಗಳು ಕಸದ ಬುಟ್ಟಿಗೆ. ಒಪ್ಪಂದದ ತಾರೀಖುಗಳಿಗೆ ನಾವೆಲ್ಲ ನೋಡುವ ಟ್ರಾನ್ಸ್‌ಫರ್‌ಮಾರ್ಕ್ಟ್ ಸೈಟು ಒಳ್ಳೆಯದೇ. ಆದರೆ ಅಲ್ಲಿರುವ "ಬೆಲೆ" ಬಳಕೆದಾರರೂ ಸೇರಿ ಚರ್ಚಿಸಿ ಹಾಕುವ ಅಂದಾಜು. ಅದನ್ನು ಎಂಆರ್‌ಪಿ ಅಂದುಕೊಳ್ಳಬೇಡಿ.

ಎರಡನೆಯದು: ಈ ಸುದ್ದಿ ಇವತ್ತು ಹೊರಗೆ ಬಂದರೆ ಯಾರಿಗೆ ಲಾಭ?

ನನ್ನ ಪ್ರಕಾರ ಉಳಿದೆಲ್ಲ ಮರೆತರೂ ಇದೊಂದನ್ನು ಮರೆಯಬಾರದು. ನಿಜವೋ ಸುಳ್ಳೋ ಅಂತ ಕೇಳುವ ಮುಂಚೆ, ಇದನ್ನು ಪತ್ರಕರ್ತರ ಕಿವಿಗೆ ಹಾಕಿದ್ದು ಯಾರಿರಬಹುದು ಅಂತ ಕೇಳಿ.

ಮಾಮೂಲಿ ವರ್ಗಾವಣೆಯಲ್ಲಿ ಮೂರು ಕಡೆಯವರು ಇರುತ್ತಾರೆ. ಮಾರುವ ಕ್ಲಬ್, ಕೊಳ್ಳುವ ಕ್ಲಬ್, ಆಟಗಾರ. ಒಬ್ಬರು ಬಿಟ್ಟ ಗಾಳಿಯನ್ನು ಇನ್ನೊಬ್ಬರು ಒಡೆಯುತ್ತಾರೆ. "ಆರು ಕೋಟಿಗೆ ಒಪ್ಪಿದರಂತೆ" ಅಂದರೆ ಮಾರುವ ಕ್ಲಬ್ "ಯಾರ್ರೀ ಒಪ್ಪಿದ್ದು?" ಅನ್ನುತ್ತದೆ. ಫ್ರೀ ಏಜೆಂಟ್ ವಿಷಯದಲ್ಲಿ ಮಾರುವವರೇ ಇಲ್ಲ. ಉಳಿದದ್ದು ಆಟಗಾರ, ಅವನ ಪರ ವ್ಯವಹಾರ ಕುದುರಿಸುವ ಏಜೆಂಟ್, ಬೇಕು ಅನ್ನುವ ನಾಲ್ಕಾರು ಕ್ಲಬ್‌ಗಳು, ಜೊತೆಗೆ ಅವನನ್ನು ಉಳಿಸಿಕೊಳ್ಳಲು ನೋಡುವ ಹಳೆಯ ಕ್ಲಬ್. ಕ್ಲಬ್ಬಿಗೆ ಕೊಡಬೇಕಿದ್ದ ದುಡ್ಡು ಉಳಿಯುತ್ತದಲ್ಲ, ಅದರಲ್ಲಿ ಒಳ್ಳೆಯ ಪಾಲು ಸಹಿ ಹಣವಾಗಿ ಆಟಗಾರನಿಗೆ, ಕಮಿಷನ್ ಆಗಿ ಏಜೆಂಟರಿಗೆ ಹೋಗುತ್ತದೆ. "ಫ್ರೀ" ಅನ್ನುವುದು ಹೆಸರಿಗೆ ಮಾತ್ರ. 2023ರ ಫೆಬ್ರವರಿಯಿಂದ 2024ರ ಫೆಬ್ರವರಿವರೆಗೆ, ಬರೀ ಒಂದು ವರ್ಷದಲ್ಲಿ, ಪ್ರೀಮಿಯರ್ ಲೀಗ್ ಕ್ಲಬ್‌ಗಳು ಏಜೆಂಟರಿಗೆ ಕೊಟ್ಟಿದ್ದು 40 ಕೋಟಿ ಪೌಂಡ್‌ಗೂ ಜಾಸ್ತಿ. ಇಂಗ್ಲೆಂಡಿನ ಫುಟ್ಬಾಲ್ ಅಸೋಸಿಯೇಷನ್ನೇ ಪ್ರಕಟಿಸಿದ ಲೆಕ್ಕ ಇದು.

ಅಷ್ಟು ದುಡ್ಡು ಓಡಾಡುವ ಕಡೆ ಸುದ್ದಿ ಸುಮ್ನೆ ಸೋರುವುದಿಲ್ಲ. ಮನೆ ಬಾಡಿಗೆಗೆ ಕೊಡುವ ಬ್ರೋಕರ್ "ಇನ್ನೂ ಮೂರು ಜನ ನೋಡ್ಕೊಂಡು ಹೋಗಿದ್ದಾರೆ ಸಾರ್, ನೀವು ಬೇಗ ಹೇಳಿ" ಅನ್ನುತ್ತಾನಲ್ಲ, ಅದೇ ಕಥೆ. ಆ ಮೂರು ಜನ ನಿಜವಾಗಲೂ ಬಂದಿರಬಹುದು. ಆದರೆ ನಿಮಗೆ ಅದನ್ನು ಹೇಳಿದ್ದು ನಿಮಗೆ ವಿಷಯ ಗೊತ್ತಿರಲಿ ಅಂತಲ್ಲ.

ಇದನ್ನು ಹತ್ತಿರದಿಂದ ನೋಡಲು ಲಿವರ್‌ಪೂಲ್‌ನ 2024-25ರ ಸೀಸನ್‌ಗಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ. ಮೊಹಮ್ಮದ್ ಸಲಾಹ್, ನಾಯಕ ವರ್ಜಿಲ್ ವ್ಯಾನ್ ಡೈಕ್, ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್. ಮೂವರ ಒಪ್ಪಂದವೂ 2025ರ ಜೂನ್ 30ಕ್ಕೇ ಮುಗಿಯುತ್ತಿತ್ತು. ಒಂದೇ ಕ್ಲಬ್, ಒಂದೇ ತಾರೀಖು, ಮೂರು ಥರದ ಸದ್ದು.

ಸಲಾಹ್ ಬಾಯಿ ಬಿಟ್ಟ. 2024ರ ನವೆಂಬರ್ 24ರಂದು ಸೌತಾಂಪ್ಟನ್ ವಿರುದ್ಧ 3-2ರಲ್ಲಿ ಗೆದ್ದ ಪಂದ್ಯದಲ್ಲಿ ಎರಡು ಗೋಲು ಹೊಡೆದು, ಸಾಮಾನ್ಯವಾಗಿ ಪತ್ರಕರ್ತರ ಮುಂದೆ ನಿಲ್ಲದವನು ಅವತ್ತು ನಿಂತು, ಇನ್ನೂ ಆಫರ್ ಬಂದಿಲ್ಲ, ಇರುವುದಕ್ಕಿಂತ ಹೋಗುವುದೇ ಜಾಸ್ತಿ ಅನ್ನಿಸುತ್ತಿದೆ ಅನ್ನುವ ಅರ್ಥದಲ್ಲಿ ಮಾತಾಡಿದ. ಮಾರನೇ ದಿನದ ತಲೆಬರಹಗಳನ್ನು ನೀವೇ ಊಹಿಸಿ. ಸಲಾಹ್ ಹೊರಟ! ಇಲ್ಲಿ "ಅಂತೆ" ಬೇಕಾಗಿಯೇ ಇರಲಿಲ್ಲ, ಆಟಗಾರನೇ ಹೇಳಿದ್ದು. ಆದರೂ ಕೇಳಬೇಕಾದ ಪ್ರಶ್ನೆ ಅದೇ. ಇವತ್ತೇ ಯಾಕೆ ಹೇಳಿದ? ಗೋಲು ಹೊಡೆದ ದಿನ, ಅಭಿಮಾನಿಗಳೆಲ್ಲ ತನ್ನ ಹೆಸರು ಕೂಗಿದ ದಿನ, ಮಾಲೀಕರಿಗೆ ಕೇಳಿಸಲಿ ಅಂತ ಹೇಳಿದ ಮಾತು ಅದು ಎಂದು ನನ್ನ ಅನಿಸಿಕೆ. 2025ರ ಏಪ್ರಿಲ್ 11ಕ್ಕೆ ಅವನು ಎರಡು ವರ್ಷದ ಹೊಸ ಒಪ್ಪಂದಕ್ಕೆ ಸಹಿ ಹಾಕಿದ.

ವ್ಯಾನ್ ಡೈಕ್ ಹೆಚ್ಚು ಗಲಾಟೆ ಮಾಡಲಿಲ್ಲ. ಏಪ್ರಿಲ್ 17ಕ್ಕೆ ಅವನದೂ ಸಹಿ ಆಯಿತು.

ಟ್ರೆಂಟ್ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದ. ಲಿವರ್‌ಪೂಲ್ ಊರಿನ ಹುಡುಗ, ಆರನೇ ವಯಸ್ಸಿನಿಂದ ಅದೇ ಕ್ಲಬ್. ಅವನು ರಿಯಲ್ ಮ್ಯಾಡ್ರಿಡ್‌ಗೆ ಹೋಗುತ್ತಾನೆ ಅಂತ ತಿಂಗಳುಗಟ್ಟಲೆ ಸುದ್ದಿ ಬರುತ್ತಿದ್ದರೂ ಅವನ ಕಡೆಯಿಂದ ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ. ಮೇ 5ಕ್ಕೆ ಹೋಗುತ್ತೇನೆ ಅಂದ. ಮೇ 30ಕ್ಕೆ ಮ್ಯಾಡ್ರಿಡ್ ಘೋಷಿಸಿತು. ಹೆಚ್ಚು ಮಾತಾಡಿದವನು ಉಳಿದ, ಮಾತೇ ಆಡದವನು ಹೋದ. ಇದನ್ನೇ ಸೂತ್ರ ಮಾಡಿಕೊಳ್ಳಬೇಡಿ, ಮುಂದಿನ ಸಲ ತಿರುಗುಮುರುಗಾದರೂ ಆಗಬಹುದು. ಆದರೆ ಆಟಗಾರನೋ ಏಜೆಂಟೋ ಜೋರಾಗಿ "ಹೋಗ್ತೀನಿ" ಅಂದಾಗ ಅದನ್ನು ಬಸ್ ಟಿಕೆಟ್ ಅಂದುಕೊಳ್ಳಬೇಡಿ, ಚೌಕಾಸಿ ಅಂದುಕೊಳ್ಳಿ. ತಮಾಷೆ ಏನೆಂದರೆ ಕ್ಲಬ್ ವಿಶ್ವಕಪ್‌ಗೆ ಟ್ರೆಂಟ್ ಬೇಗ ಬೇಕು ಅಂತ ಮ್ಯಾಡ್ರಿಡ್ ಕೊನೆಗೆ ಲಿವರ್‌ಪೂಲ್‌ಗೆ ಒಂದಿಷ್ಟು ದುಡ್ಡು ಕೊಟ್ಟೇ ಕರೆದುಕೊಂಡು ಹೋಯಿತು. ಫ್ರೀ ಏಜೆಂಟ್ ಸುದ್ದಿ ಅಂತ ಒಂದು ವರ್ಷ ಓದಿದ್ದು ಕೊನೆಗೆ ಪೂರ್ತಿ ಫ್ರೀ ಕೂಡ ಆಗಲಿಲ್ಲ.

ಮೂರನೆಯದು: ಮಾತು ಯಾವ ಮೆಟ್ಟಿಲಲ್ಲಿದೆ?

ವರ್ಗಾವಣೆ ನಮ್ಮ ಕಡೆಯ ಮದುವೆ ಇದ್ದ ಹಾಗೆ. "ಆಸಕ್ತಿ ಇದೆ" ಅಂದರೆ ಜಾತಕ ಕೇಳಿದ್ದಾರೆ, ಅಷ್ಟೇ. ದೊಡ್ಡ ಕ್ಲಬ್‌ಗಳು ಒಂದೊಂದು ಜಾಗಕ್ಕೂ ಹತ್ತಾರು ಜಾತಕ ಇಟ್ಟುಕೊಂಡಿರುತ್ತವೆ. "ಮಾತುಕತೆ ನಡೆದಿದೆ" ಅಂದರೆ ಹುಡುಗಿ ನೋಡಲು ಬಂದು ಉಪ್ಪಿಟ್ಟು ಕೇಸರಿಬಾತ್ ತಿಂದು ಹೋಗಿದ್ದಾರೆ. "ವೈಯಕ್ತಿಕ ಷರತ್ತುಗಳಿಗೆ ಒಪ್ಪಿಗೆ" ಅಂದರೆ ತಾಂಬೂಲ ಆಯಿತು. ಮೆಡಿಕಲ್, ಅಂದರೆ ಆಟಗಾರನ ಆರೋಗ್ಯ ತಪಾಸಣೆ, ಆಯಿತು ಅಂದರೆ ಛತ್ರ ಬುಕ್ ಆಗಿದೆ. ಸಹಿ ಹಾಕಿ, ನೋಂದಣಿ ಮುಗಿದರೆ ತಾಳಿ ಕಟ್ಟಿದ ಹಾಗೆ. ನೀವು ಓದುತ್ತಿರುವ ಸುದ್ದಿ ಇದರಲ್ಲಿ ಯಾವುದು ಅಂತ ನೋಡಿ. ಜಾತಕ ಕೇಳಿದ್ದನ್ನೇ ಮದುವೆ ಊಟ ಅಂತ ಬಡಿಸುವವರು ಬಹಳ ಇದ್ದಾರೆ.

ಛತ್ರ ಬುಕ್ ಆದ ಮೇಲೂ ಮದುವೆ ನಿಲ್ಲುತ್ತದೆ ಅನ್ನುವುದು ನೆನಪಿರಲಿ. 2013ರಲ್ಲಿ ಬ್ರೆಜಿಲ್‌ನ ವಿಲಿಯನ್ ಟಾಟೆನ್‌ಹ್ಯಾಮ್‌ನಲ್ಲಿ ಮೆಡಿಕಲ್ ಮುಗಿಸಿ, ಸಹಿ ಹಾಕಿದ್ದು ಚೆಲ್ಸಿಗೆ. 2018ರ ಜೂನ್‌ನಲ್ಲಿ ಲಿಯಾನ್‌ನ ನಬಿಲ್ ಫೆಕಿರ್ ಲಿವರ್‌ಪೂಲ್‌ಗೆ ಹೋಗುವುದು ಮುಗಿದೇ ಹೋಯಿತು ಅನ್ನುವಾಗ ಮೆಡಿಕಲ್ ಆದ ಮೇಲೆ ಮುರಿದುಬಿತ್ತು. 2015ರ ಆಗಸ್ಟ್ 31ರ ರಾತ್ರಿ ಮ್ಯಾಂಚೆಸ್ಟರ್ ಯುನೈಟೆಡ್ ಗೋಲ್‌ಕೀಪರ್ ಡೇವಿಡ್ ಡಿ ಗೆಯಾ ರಿಯಲ್ ಮ್ಯಾಡ್ರಿಡ್‌ಗೆ ಹೋಗಲು ಎಲ್ಲರೂ ಒಪ್ಪಿದ್ದರು. ಕಾಗದಪತ್ರ ಗಡುವಿನೊಳಗೆ ತಲುಪಲಿಲ್ಲ. ಎರಡೂ ಕ್ಲಬ್‌ಗಳು ಹೇಳಿಕೆಯ ಮೇಲೆ ಹೇಳಿಕೆ ಕೊಟ್ಟು ಒಬ್ಬರ ಮೇಲೊಬ್ಬರು ಗೂಬೆ ಕೂರಿಸಿದವು. ಅವನು ಇನ್ನೂ ಎಂಟು ವರ್ಷ ಯುನೈಟೆಡ್‌ನಲ್ಲೇ ಉಳಿದ.

ಫ್ರೀ ಏಜೆಂಟ್ ಆದರೆ ಇಂಥ ಕಾಗದದ ತಕರಾರು ಕಡಿಮೆ. ಅಲ್ಲಿನ ಅಪಾಯ ಬೇರೆ, ಆಟಗಾರನ ಮನಸ್ಸು. ಕೊನೆ ಗಳಿಗೆವರೆಗೂ ಅವನ ಕೈಯಲ್ಲೇ ಎಲ್ಲ. 2022ರ ಮೇ ತಿಂಗಳಲ್ಲಿ, ಪಿಎಸ್‌ಜಿ ಒಪ್ಪಂದ ಮುಗಿಯುತ್ತಿದ್ದ ಎಂಬಾಪೆ ಮ್ಯಾಡ್ರಿಡ್‌ಗೆ ಹೋಗುವುದು ಸೂರ್ಯ ಪೂರ್ವದಲ್ಲಿ ಹುಟ್ಟುವಷ್ಟೇ ಖಚಿತ ಅನ್ನುವ ಹಾಗೆ ಬರೆಯುತ್ತಿದ್ದರು. ಮೇ 21ಕ್ಕೆ ಅವನು ಪ್ಯಾರಿಸ್ ಮೈದಾನದಲ್ಲಿ 2025 ಅಂತ ಬರೆದ ಪಿಎಸ್‌ಜಿ ಜೆರ್ಸಿ ಹಿಡಿದುಕೊಂಡು ನಿಂತಿದ್ದ. ಮ್ಯಾಡ್ರಿಡ್‌ಗೆ ಹೋಗಿದ್ದು ಎರಡು ವರ್ಷ ಬಿಟ್ಟು, 2024ರಲ್ಲಿ. ಆಗ "ನಾವು ಹೇಳಿರಲಿಲ್ವಾ" ಅಂದವರನ್ನೂ ನೋಡಿದೆ!

ನಾಲ್ಕನೆಯದು: ಮೊದಲು ಹೇಳಿದ್ದು ಯಾರು?

ಒಂದು ಸುದ್ದಿ ಕೈಯಿಂದ ಕೈಗೆ ಬರುವಾಗ ಹೇಗೆ ದಪ್ಪ ಆಗುತ್ತದೆ ನೋಡಿ. ಆಟಗಾರನನ್ನು ನಾನೇ ಕಲ್ಪಿಸಿಕೊಂಡಿದ್ದೇನೆ, ದಾರಿ ಮಾತ್ರ ಅಸಲಿ. ಇಟಲಿಯ ಒಂದು ಪತ್ರಿಕೆ ಬರೆಯುತ್ತದೆ: "ಕ್ಲಬ್ ಈ ಆಟಗಾರನ ಒಪ್ಪಂದದ ಕಡೆ ಗಮನ ಇಟ್ಟಿದೆ." ಅದನ್ನು ಇಂಗ್ಲಿಷ್‌ಗೆ ತಂದವರು "ಕ್ಲಬ್ ಆಟಗಾರನ ಮೇಲೆ ಕಣ್ಣಿಟ್ಟಿದೆ" ಅನ್ನುತ್ತಾರೆ. ಅದನ್ನು ಎತ್ತಿಕೊಂಡ ಸೈಟು "ರೇಸಿನಲ್ಲಿ ಮುಂದೆ" ಅನ್ನುತ್ತದೆ. ನಮ್ಮ ಯೂಟ್ಯೂಬ್‌ಗೆ ಬರುವ ಹೊತ್ತಿಗೆ ಆಟಗಾರನಿಗೆ ಹೊಸ ಜೆರ್ಸಿ ತೊಡಿಸಿ, ಕೆಂಪು ಬಾಣ ಹಾಕಿ, "ಕೊನೆಗೂ ಫೈನಲ್!!" ಒಬ್ಬರೂ ಸುಳ್ಳು ಹೇಳಬೇಕು ಅಂತ ಹೊರಟವರಲ್ಲ. ಪ್ರತಿಯೊಬ್ಬರೂ ಒಂದೊಂದು ಹಿಡಿ ಖಾರ ಹಾಕಿದ್ದಾರೆ ಅಷ್ಟೇ.

ಹಾಗಾಗಿ ಲೇಖನದಲ್ಲಿ "ವರದಿಗಳ ಪ್ರಕಾರ" ಅಂತ ಕಂಡರೆ, ಯಾವ ವರದಿ ಅಂತ ಹುಡುಕಿ ಹಿಂದೆ ಹಿಂದೆ ಹೋಗಿ. ಆಟಗಾರನ ಹೆಸರು, ಕ್ಲಬ್ ಹೆಸರು ಹಾಕಿ ಹುಡುಕಿ, ಸಮಯದ ಲೆಕ್ಕದಲ್ಲಿ ಹಳೆಯದನ್ನು ತೆಗೆದರೆ ಐದು ನಿಮಿಷದಲ್ಲಿ ಬುಡ ಸಿಗುತ್ತದೆ. ಹತ್ತು ಸೈಟುಗಳು ಬರೆದಿವೆ ಅಂದರೆ ಹತ್ತು ಸಾಕ್ಷಿ ಅಲ್ಲ. ಹತ್ತೂ ಒಂದೇ ಬಾವಿಯ ನೀರು ಸೇದಿದ್ದರೆ ಸಾಕ್ಷಿ ಒಂದೇ. ಬುಡ ಸಿಕ್ಕ ಮೇಲೆ ಅದು ಯಾವ ಊರಿನದು ನೋಡಿ. ಮಾರ್ಕಾ, ಎಎಸ್ ಮ್ಯಾಡ್ರಿಡ್ ಪತ್ರಿಕೆಗಳು. ಸ್ಪೋರ್ಟ್, ಮುಂಡೋ ಡಿಪೋರ್ಟಿವೊ ಬಾರ್ಸಿಲೋನಾದವು. ಬಾರ್ಸಿಲೋನಾ ಒಳಗಿನ ವಿಷಯವನ್ನು ಮ್ಯಾಡ್ರಿಡ್ ಪತ್ರಿಕೆಯಲ್ಲಿ ಓದುವುದು ನಮ್ಮ ಮನೆ ಜಗಳದ ಸುದ್ದಿಯನ್ನು ಎದುರು ಬೀದಿಯವರಿಂದ ಕೇಳಿದ ಹಾಗೆ.

ಬುಡ ಹುಡುಕದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಮಸಾಲ್ ಬುಗ್ದುವ್ ಕಥೆ ಹೇಳಲೇಬೇಕು. 2009ರ ಜನವರಿಯಲ್ಲಿ ಲಂಡನ್ನಿನ ದಿ ಟೈಮ್ಸ್ ಪತ್ರಿಕೆ ಫುಟ್ಬಾಲ್‌ನ 50 ಉದಯೋನ್ಮುಖ ಆಟಗಾರರ ಪಟ್ಟಿ ಹಾಕಿತು. 30ನೇ ಜಾಗದಲ್ಲಿ ಮಾಲ್ಡೋವಾದ ಹದಿಹರೆಯದ ಹುಡುಗ ಮಸಾಲ್ ಬುಗ್ದುವ್. ಆರ್ಸೆನಲ್ ಅವನ ಹಿಂದೆ ಬಿದ್ದಿದೆ ಅನ್ನುವ ಮಾತೂ ಇತ್ತು. ಹುಡುಗ ಮಾತ್ರ ಇರಲೇ ಇಲ್ಲ. ಯಾರೋ ಸುದ್ದಿಸಂಸ್ಥೆಯ ಹೆಸರಿನಲ್ಲಿ ನಕಲಿ ಸುದ್ದಿ ತಯಾರಿಸಿ ಇಂಟರ್ನೆಟ್‌ನಲ್ಲಿ ಅಲ್ಲಲ್ಲಿ ಬಿತ್ತಿದ್ದರು. ಹೆಸರನ್ನು ಬೇಗ ಬೇಗ ಹೇಳಿದರೆ ಐರಿಷ್ ಭಾಷೆಯಲ್ಲಿ "ನನ್ನ ಪುಟ್ಟ ಕರಿ ಕತ್ತೆ" ಅಂತ ಕೇಳಿಸುತ್ತದಂತೆ. ಒಂದು ಫೋನ್ ಮಾಡಿದ್ದರೆ ಕತ್ತೆ ಅಂತ ಗೊತ್ತಾಗುತ್ತಿತ್ತು.

ಐದನೆಯದು: ಬರೆದವರ ಹಿಂದಿನ ಲೆಕ್ಕ

ವರ್ಗಾವಣೆ ಸುದ್ದಿಯ ಪತ್ರಕರ್ತರಲ್ಲಿ ಇವತ್ತು ಎಲ್ಲರಿಗೂ ಗೊತ್ತಿರುವ ಹೆಸರು ಇಟಲಿಯ ಫ್ಯಾಬ್ರಿಜಿಯೊ ರೊಮಾನೊ. ಅವರ "ಹಿಯರ್ ವಿ ಗೋ" ಬಂದರೆ ಕೆಲಸ ಆಯಿತು ಅಂತ ಲೆಕ್ಕ. ಆದರೆ ಅವರನ್ನು ಓದುವವರು ಒಂದು ತಪ್ಪು ಮಾಡುತ್ತಾರೆ. ಆ ಮೂರು ಪದ ಇರುವ ಪೋಸ್ಟಿಗೂ, ದಿನಕ್ಕೆ ಹತ್ತಾರು ಬರುವ "ಮಾತುಕತೆ ನಡೀತಿದೆ" ಥರದ ಪೋಸ್ಟಿಗೂ ಒಂದೇ ತೂಕ ಕೊಡುತ್ತಾರೆ. ಅವರೇ ಬೇರೆ ಬೇರೆ ಪದ ಬಳಸುತ್ತಿರುವಾಗ ನಾವು ಯಾಕೆ ಎಲ್ಲ ಒಂದೇ ಅಂತ ಓದಬೇಕು? ದಿ ಅಥ್ಲೆಟಿಕ್‌ನ ಡೇವಿಡ್ ಆರ್ನ್‌ಸ್ಟೀನ್ ದಾರಿ ಬೇರೆ. ಕಡಿಮೆ ಬರೆಯುತ್ತಾರೆ, ಹೆಚ್ಚಾಗಿ ಇಂಗ್ಲಿಷ್ ಕ್ಲಬ್‌ಗಳ ಬಗ್ಗೆ. ನನಗೆ ಈ ಥರದವರ ಮೇಲೆ ಸ್ವಲ್ಪ ಜಾಸ್ತಿ ನಂಬಿಕೆ, ಮೊದಲಿಗರಾಗುವ ಆತುರ ಕಡಿಮೆ ಕಾಣುತ್ತದೆ ಅನ್ನುವ ಕಾರಣಕ್ಕೆ.

ನೀವೇ ಲೆಕ್ಕ ಇಡಿ. ಫೋನಿನ ನೋಟ್ಸ್‌ನಲ್ಲಿ ಮೂರು ವಿಷಯ ಬರೆದರೆ ಸಾಕು: ಯಾರು ಹೇಳಿದ್ದು, ಯಾವ ಪದ ಬಳಸಿದ್ದು, ಕೊನೆಗೆ ಏನಾಯಿತು. ಒಂದು ಬೇಸಿಗೆ ಮುಗಿಯುವಷ್ಟರಲ್ಲಿ ಯಾರ ಕೈ ಎಷ್ಟು ಶುದ್ಧ ಅಂತ ಕಾಣುತ್ತದೆ. ತಪ್ಪಾದಾಗ ಪೋಸ್ಟ್ ಅಳಿಸಿ ಸುಮ್ಮನಾಗುವವರನ್ನು ಗುರುತು ಹಾಕಿಕೊಳ್ಳಿ. ತಪ್ಪಾಯಿತು ಅಂತ ಹೇಳುವವರನ್ನೂ ಗುರುತು ಹಾಕಿಕೊಳ್ಳಿ, ಅವರು ಅಪರೂಪ.

ಹೆಸರು ನೋಡಿದ ಮೇಲೆ ಹ್ಯಾಂಡಲ್ ನೋಡುವುದನ್ನು ಮರೆಯಬೇಡಿ. ಈಗ ಎಕ್ಸ್ ಆಗಿರುವ ಟ್ವಿಟರ್‌ನಲ್ಲಿ ನೀಲಿ ಟಿಕ್ ದುಡ್ಡು ಕೊಟ್ಟರೆ ಸಿಗುತ್ತದೆ. 2022ರ ನವೆಂಬರ್‌ನಲ್ಲಿ ಎಂಟು ಡಾಲರ್ ಟಿಕ್ ಶುರುವಾದ ಕೂಡಲೇ ಅಮೆರಿಕನ್ ಫುಟ್ಬಾಲ್‌ನ ದೊಡ್ಡ ವರದಿಗಾರ ಆಡಮ್ ಶೆಫ್ಟರ್ ಹೆಸರಿನಲ್ಲಿ ಯಾರೋ ಖಾತೆ ತೆರೆದು, ಲಾಸ್ ವೇಗಸ್ ತಂಡದ ಕೋಚ್ ವಜಾ ಅಂತ ಹಾಕಿದರು. ಆ ಹ್ಯಾಂಡಲ್‌ನ ಕೊನೆಯಲ್ಲಿ "ನಾಟ್" ಅಂತಲೇ ಇತ್ತು! ಆದರೂ ಜನ ನಂಬಿ ಹಂಚಿದರು. ಇನ್ನು ವಿಮಾನ ಎಲ್ಲಿ ಇಳೀತು, ಯಾರು ಯಾರನ್ನು ಇನ್‌ಸ್ಟಾದಲ್ಲಿ ಅನ್‌ಫಾಲೋ ಮಾಡಿದರು ಅನ್ನುವ ಪತ್ತೇದಾರಿಕೆ ಬರೀ ಟೈಂಪಾಸ್.

ಆರನೆಯದು: ಮೂಲ ಅಸಲಿ ಆದರೂ ಸುದ್ದಿ ನಕಲಿ ಇರಬಹುದು

ಇದು ನಮ್ಮ ದೇಶದ್ದೇ ಕಥೆ. 2025ರ ಜುಲೈನಲ್ಲಿ ಭಾರತ ತಂಡಕ್ಕೆ ಕೋಚ್ ಹುಡುಕುತ್ತಿದ್ದರು. ಬಾರ್ಸಿಲೋನಾದ ಮಾಜಿ ಕೋಚ್ ಚಾವಿ ಅರ್ಜಿ ಹಾಕಿದ್ದಾರೆ ಅಂತ ಸುದ್ದಿ ಬಂತು. ಗಾಳಿಸುದ್ದಿ ಅಲ್ಲ. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್‌ನ ರಾಷ್ಟ್ರೀಯ ತಂಡಗಳ ನಿರ್ದೇಶಕರೇ ಹೌದು ಅಂದಿದ್ದರು. ಪ್ರಪಂಚ ಪೂರ್ತಿ ಓಡಿತು ಆ ಸುದ್ದಿ. ನಾನು ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಎಷ್ಟೋ ಪಾಸ್ ಕೂಡ ಆಗುತ್ತಿತ್ತು. ಮೂಲ ಇದೆ, ಹೆಸರಿದೆ, ಹುದ್ದೆ ಇದೆ. ಕೆಲವೇ ದಿನಕ್ಕೆ ಫೆಡರೇಷನ್ ಹೇಳಿಕೆ ಕೊಟ್ಟಿತು, ಚಾವಿ ಮತ್ತು ಆಗ ಮ್ಯಾಂಚೆಸ್ಟರ್ ಸಿಟಿ ಕೋಚ್ ಆಗಿದ್ದ ಪೆಪ್ ಗಾರ್ಡಿಯೋಲಾ ಹೆಸರಲ್ಲಿ ಬಂದ ಇಮೇಲ್ ಅರ್ಜಿಗಳು ಅಸಲಿ ಅಲ್ಲ ಅಂತ. ಗಾರ್ಡಿಯೋಲಾ ಕೂಡ! ಆಗಸ್ಟ್ 1ಕ್ಕೆ ಖಾಲಿದ್ ಜಮೀಲ್ ಕೋಚ್ ಆದರು.

ಇಲ್ಲಿ ವರದಿಗಾರರು ಕೇಳಬೇಕಾದವರನ್ನೇ ಕೇಳಿದ್ದರು. ಹೇಳಿದವರಿಗೆ ಹೇಗೆ ಗೊತ್ತಾಯಿತು ಅನ್ನುವ ಒಂದು ಪ್ರಶ್ನೆ ಬಾಕಿ ಇತ್ತು. ನೀವೂ ಅದನ್ನು ಕೇಳಿ. ಮತ್ತೆ ಇನ್ನೊಂದು ತುದಿಯನ್ನೂ ನೋಡಿ, ಚಾವಿ ಕಡೆಯವರು ಏನಂದರು ಅಂತ. ಗಂಡಿನ ಕಡೆಯವರು ಒಪ್ಪಿದ್ದಾರೆ ಅಂತ ಹೆಣ್ಣಿನ ಕಡೆಯವರಿಂದ ಮಾತ್ರ ಕೇಳಿ ಲಗ್ನಪತ್ರಿಕೆ ಪ್ರಿಂಟ್ ಹಾಕಿಸುತ್ತೇವಾ?

ಬೆಂಗಳೂರು ಎಫ್‌ಸಿಯಂಥ ನಮ್ಮ ಕ್ಲಬ್‌ಗಳ ಸುದ್ದಿಗೂ ಇದನ್ನೇ ಇಟ್ಟುಕೊಳ್ಳಿ. ನಮ್ಮಲ್ಲಿ ಈ ವಿಷಯ ಬರೆಯುವವರು ಕಡಿಮೆ, ಹಾಗಾಗಿ ಒಬ್ಬರು ತಪ್ಪಿದರೆ ತಿದ್ದುವವರೂ ಕಡಿಮೆ. ಕ್ಲಬ್ ತನ್ನ ಪೇಜಿನಲ್ಲಿ ಹಾಕುವವರೆಗೆ "ಅಂತೆ" ತೆಗೆಯಬೇಡಿ.

ಕೊನೆಗೆ: ಒಂದು ರಾತ್ರಿ ಬಿಡಿ

ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲ ಅಂದರೆ ಸುದ್ದಿಯನ್ನು ಒಂದು ರಾತ್ರಿ ಹಾಗೇ ಬಿಡಿ. ಮೆಸ್ಸಿ ಸುದ್ದಿಗೆ ಉತ್ತರ ಅದೇ ದಿನ ಬಂದಿತ್ತು. ನಿಜವಾದ ಡೀಲ್ ಬೆಳಗ್ಗೆಗೂ ನಿಜವಾಗಿಯೇ ಇರುತ್ತದೆ, ಎಲ್ಲೂ ಓಡಿಹೋಗಲ್ಲ.

ನಮ್ಮ ಗುಂಪಿನಲ್ಲಿ ಆ ಜೆರ್ಸಿ ಪ್ರಕರಣದ ನಂತರ ಒಂದು ಕಾನೂನು ಮಾಡಿಕೊಂಡೆವು. "ಅಂತೆ" ಸೇರಿಸಿ ಏನು ಬೇಕಾದರೂ ಬರೆಯಬಹುದು, ಮಾಫಿ. "ಅಂತೆ" ಇಲ್ಲದೆ ಬರೆದು ಅದು ಸುಳ್ಳಾದರೆ ಭಾನುವಾರದ ತಿಂಡಿ ಖರ್ಚು ಅವರದು. ಮೊದಲ ವರ್ಷ ಗೋಲ್‌ಕೀಪರೇ ಜಾಸ್ತಿ ಕೊಟ್ಟ. ಆಮೇಲೆ ಹುಷಾರಾದ.

ಡಿ ಗೆಯಾ 2023ರ ಜುಲೈನಲ್ಲಿ ಯುನೈಟೆಡ್ ಬಿಟ್ಟು ಫ್ರೀ ಏಜೆಂಟ್ ಆದನಲ್ಲ, ಒಂದು ವರ್ಷ ದಾಟಿದರೂ ಕ್ಲಬ್ ಸಿಗಲಿಲ್ಲ. ಅಲ್ಲಿಗಂತೆ, ಇಲ್ಲಿಗಂತೆ ಅಂತ ಸುದ್ದಿ ಬರುತ್ತಲೇ ಇತ್ತು, ಏನೂ ಆಗುತ್ತಿರಲಿಲ್ಲ. ಬೇಜಾರಾಗಿ ನಾನು ಗುಂಪಿನಲ್ಲಿ ಬರೆದೆ: "ಡಿ ಗೆಯಾ ಕಥೆ ಮುಗೀತು. ಇನ್ನು ಆಡಲ್ಲ." ಬುದ್ಧಿವಂತ ನಾನು, "ಅಂತೆ" ಹಾಕಲಿಲ್ಲ. ಗೋಲ್‌ಕೀಪರ್ ಒಂದು ಹೆಬ್ಬೆರಳು ಒತ್ತಿ ಸುಮ್ಮನಾದ. 2024ರ ಆಗಸ್ಟ್‌ನಲ್ಲಿ ಫಿಯೊರೆಂಟಿನಾ ಅವನನ್ನು ತೆಗೆದುಕೊಂಡಿತು. ಅಕ್ಟೋಬರ್‌ನಲ್ಲಿ ಮಿಲಾನ್ ವಿರುದ್ಧ ಒಂದೇ ಪಂದ್ಯದಲ್ಲಿ ಎರಡು ಪೆನಾಲ್ಟಿ ತಡೆದ. ಅಷ್ಟರವರೆಗೂ ಸುಮ್ಮನಿದ್ದ ನಮ್ಮ ಗೋಲ್‌ಕೀಪರ್ ಆಗ ನನ್ನ ಹಳೆಯ ಮೆಸೇಜಿನ ಸ್ಕ್ರೀನ್‌ಶಾಟ್ ಹಾಕಿದ. ಮುಂದಿನ ಭಾನುವಾರ ಒಂಬತ್ತು ಜನರ ಇಡ್ಲಿ-ವಡೆ, ಎರಡೆರಡು ಕಾಫಿ ನನ್ನ ಲೆಕ್ಕಕ್ಕೆ ಬಿತ್ತು. ಅವನೊಬ್ಬ ಜೊತೆಗೆ ಮಸಾಲೆ ದೋಸೆ ಬೇರೆ ಹೇಳಿದ, ಆ ನೀಲಿ ಜೆರ್ಸಿ ಹಾಕಿಕೊಂಡೇ.